ಸಹಾಯ ಬೇಕು: ಲೀ-ಎನ್‌ಫೀಲ್ಡ್ ಬ್ಯಾರೆಲ್ ಬಿಸಿಯಾದರೆ ಗುಂಡು ಮೇಲಕ್ಕೆ ಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಓಹಿಯೋದಲ್ಲಿದ್ದೇನೆ. ಹಳೆಯ ಸೇನಾ ರೈಫಲ್‌ಗಳ ಗುರಿ ಸ್ಪರ್ಧೆಗೆ ತಯಾರಾಗುತ್ತಿದ್ದೇನೆ. ನನ್ನದು ಬ್ರಿಟಿಷ್ ಸೇನೆಯ ಹಳೆಯ ರೈಫಲ್ ಲೀ-ಎನ್‌ಫೀಲ್ಡ್ ನಂಬರ್ 4, ಕೆನಡಾದ ಲಾಂಗ್ ಬ್ರಾಂಚ್ ಕಾರ್ಖಾನೆಯದ್ದು, 1943ರದು. ತುಂಬಾ ಚೆಂದದ ರೈಫಲ್, ಇದರಲ್ಲೇ ಸ್ಪರ್ಧಿಸಬೇಕು ಅನ್ನೋದು ನನ್ನ ಆಸೆ.

ತೊಂದರೆ ಇಷ್ಟೇ. ಬ್ಯಾರೆಲ್ ತಣ್ಣಗಿದ್ದಾಗ 100 ಗಜದಲ್ಲಿ ಗುಂಡುಗಳು ಒಟ್ಟಾಗಿಯೇ ಬೀಳುತ್ತವೆ. ಬಿಸಿಯಾದ ಮೇಲೆ ಒಂದೊಂದೇ ಮೇಲಕ್ಕೆ ಏರುತ್ತಾ ಹೋಗುತ್ತವೆ. ಪಕ್ಕಕ್ಕೆ ಸರಿಯುವುದಿಲ್ಲ, ನೇರ ಮೇಲಕ್ಕೆ.

ಬ್ಯಾರೆಲ್ ಒಳಗಿನ ತಾಮ್ರದ ಕೊಳೆ ಪೂರ್ತಿ ತೆಗೆದೆ. ಹೆಡ್‌ಸ್ಪೇಸ್ (ತೋಟೆ ಕೂರಲು ಬೋಲ್ಟ್ ಮುಂದೆ ಇರುವ ಜಾಗ) ಗೇಜ್ ಹಾಕಿ ನೋಡಿದೆ, ಸರಿಯಿದೆ. ಮುಂದಿನ ಟ್ರಿಗರ್ ಗಾರ್ಡ್ ಸ್ಕ್ರೂ ಬಿಗಿಯಾಗಿದೆ. 174 ಗ್ರೇನ್ ತೂಕದ ಗುಂಡನ್ನೇ ಬಳಸುತ್ತಿದ್ದೇನೆ. ಬ್ಯಾರೆಲ್ ತುದಿಯನ್ನು ಅದರ ಕೆಳಗಿರುವ ರೈಫಲ್‌ನ ಮರ ಎಷ್ಟು ಒತ್ತಡದಲ್ಲಿ ಮೇಲೆತ್ತುತ್ತಿದೆ ಅಂತ ಸ್ಪ್ರಿಂಗ್ ತಕ್ಕಡಿಯಿಂದ ಅಳೆದೆ. ಸುಮಾರು 2 ಪೌಂಡ್ ಬಂತು. ಬ್ರಿಟಿಷ್ ಸೇನೆಯ ಲೆಕ್ಕ 2ರಿಂದ 7 ಪೌಂಡ್, ಅಂದರೆ ನನ್ನದು ಕೆಳಗಿನ ಅಂಚಿನಲ್ಲಿದೆ.

ಮರ ಬಿಚ್ಚಿದಾಗ ಇನ್ನೊಂದು ಕಂಡಿತು. ರಿಸೀವರ್ (ಬ್ಯಾರೆಲ್ ಮತ್ತು ಬೋಲ್ಟ್ ಕೂರುವ ಲೋಹದ ಭಾಗ) ಗುಂಡು ಹಾರಿದಾಗ ಹಿಂದಕ್ಕೆ ಒದೆಯುವುದನ್ನು ತಡೆಯುವ ಎರಡು ಕಡೆಯ ಮರದಲ್ಲಿ ಬಲಗಡೆ ಮಾತ್ರ ಒತ್ತಿ ಹೊಳೆಯುತ್ತಿದೆ. ಎಡಗಡೆ ತಾಗಿದ ಗುರುತೇ ಇಲ್ಲ! ನಮ್ಮ ಸ್ಪರ್ಧೆಯಲ್ಲಿ ಎಪಾಕ್ಸಿ ಅಂಟು ತುಂಬಿಸುವಂತಿಲ್ಲ, ಮರದ ತುಂಡು ಕೂರಿಸಿಯೇ ಸರಿಮಾಡಬೇಕು.

ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಮೊದಲು ಆ ಎಡಗಡೆಗೆ ಗಟ್ಟಿ ಮರದ ತುಂಡು ಕೂರಿಸಲಾ, ಇಲ್ಲಾ ಮುಂದಿನ ತುದಿಯ ಒತ್ತಡ 4–5 ಪೌಂಡ್‌ಗೆ ಏರಿಸಲಾ? ಕೈಯಾರೆ ಮಾಡಿದವರು ಯಾವುದು ಮೊದಲು ಅಂತ ಹೇಳ್ತೀರಾ?