ವೇತಾಳ ದೇವರೋ ದೆವ್ವವೋ? ಪುಣೆಯ ಗುಡ್ಡದಿಂದ ಒಂದು ಪ್ರಶ್ನೆ

ಪ್ರಶ್ನೆ (ಕೋಥ್ರೂಡ್, ಪುಣೆ)

ಎಲ್ಲರಿಗೂ ನಮಸ್ಕಾರ. ನನ್ನ ತವರು ಧಾರವಾಡ, ಮದುವೆಯಾದಂದಿನಿಂದ ಪುಣೆಯಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ವೇತಾಳ ಟೇಕಡಿ ಹತ್ತುವುದು ನಮ್ಮ ಮನೆಯ ರೂಢಿ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರವಿರುವ ಆ ಗುಡ್ಡದ ನೆತ್ತಿಯಲ್ಲಿ ವೇತಾಳನ ಗುಡಿಯಿದೆ. ಕಳೆದ ವಾರ ಅಲ್ಲಿ ಕೈಮುಗಿದು ಇಳಿಯುತ್ತಿರುವಾಗ ಆರನೆಯ ತರಗತಿಯ ನನ್ನ ಮಗಳು, "ಅವ್ವಾ, ವೇತಾಳ ಅಂದ್ರ ಹೆಣದಾಗ ಹೊಕ್ಕು ಗಿಡಕ್ಕ ಜೋತುಬೀಳೋ ಪಿಶಾಚಿ ಅಂತ ನೀನ ಕಥಿ ಹೇಳಿದ್ದಿ, ಮತ್ತ ಅವಂಗ ನಮಸ್ಕಾರ ಯಾಕ ಮಾಡಿದಿ?" ಎಂದು ಕೇಳಿಬಿಟ್ಟಳು. ನನ್ನಲ್ಲಿ ಉತ್ತರವಿರಲಿಲ್ಲ.

ಗೋವಾದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ್ದ ಇತಿಹಾಸಕಾರ ಡಿ. ಡಿ. ಕೋಸಂಬಿಯವರು 1962ರಲ್ಲಿ ಪ್ರಕಟವಾದ ‘ಮಿಥ್ ಅಂಡ್ ರಿಯಾಲಿಟಿ’ ಗ್ರಂಥದಲ್ಲಿ, ಈ ಕಡೆಯ ಹೊಲಗಳ ಅಂಚಿನಲ್ಲಿ ಸಿಂಧೂರ ಬಳಿದುಕೊಂಡು ಕೂತಿರುವ ಮ್ಹಸೋಬಾನನ್ನು ಮಹಿಷಾಸುರನೆಂದೇ ಗುರುತಿಸಿದ್ದಾರೆ. ಹಾಗಾದರೆ ಕಥೆಗಳಲ್ಲಿ ಬರುವ ರಾಕ್ಷಸ, ಭೂತ, ಪಿಶಾಚಿಗಳೆಲ್ಲ ಸೋತ ಜನರ ದೇವರುಗಳೇ? ಅಥವಾ ಇದಕ್ಕೆ ಬೇರೆ ಮೂಲಗಳೂ ಇವೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಚೆಂಬೂರು, ಮುಂಬೈ)

ಮೇಡಂ, ನಿಮ್ಮ ಮಗಳ ಪ್ರಶ್ನೆಯ ಅರ್ಧ ಉತ್ತರ ನಮ್ಮ ಭಾಷೆಯಲ್ಲಿಯೇ ಅಡಗಿದೆ. ‘ದೆವ್ವ’ ಎಂಬುದು ‘ದೈವ’ ಶಬ್ದದ ತದ್ಭವವೆಂದು ಕನ್ನಡದ ನಿಘಂಟುಗಳು ಹೇಳುತ್ತವೆ. ಘಟ್ಟದ ಮೇಲೆ ದೆವ್ವವೆಂದು ಹೆದರುವ ಮಾತನ್ನು ಘಟ್ಟದ ಕೆಳಗಿನ ನಾವು ದೈವವೆಂದು ಉಚ್ಚರಿಸಿ, ಅದಕ್ಕೆ ಕೋಲ ಕೊಟ್ಟು, ಆಸ್ತಿಯ ತಕರಾರನ್ನೂ ಅದರ ಮುಂದೆಯೇ ಇಟ್ಟು ನ್ಯಾಯ ಕೇಳುತ್ತೇವೆ. ಭೂತವೆಂದರೂ ತುಳುನಾಡಿನಲ್ಲಿ ಅದೇ ದೈವ. ಆದರೆ ಮದ್ರಾಸ್ ಪ್ರಾಂತದ ಸಿವಿಲ್ ಸರ್ವಿಸ್‌ನಲ್ಲಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು (ದೈವಗಳ ಕಥೆ ಹೇಳುವ ತುಳು ಹಾಡುಗಳು) 1894ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾದಾಗ ಅವುಗಳ ತಲೆಬರಹ ‘ತುಳುವರ ಡೆವಿಲ್ ಆರಾಧನೆ’ ಎಂದಾಯಿತು. ಪಂಜುರ್ಲಿಯೂ ಗುಳಿಗನೂ ಇದ್ದಲ್ಲಿಯೇ ಇದ್ದರು. ಬದಲಾದದ್ದು ಕರೆದವರ ಬಾಯಿ ಮಾತ್ರ.

ಇದು ಇಂಗ್ಲಿಷರಿಂದ ಶುರುವಾದದ್ದೇನೂ ಅಲ್ಲ. ಋಗ್ವೇದದಲ್ಲಿ ವರುಣನಂಥ ದೇವತೆಗಳಿಗೂ ‘ಅಸುರ’ ಎಂಬ ಗೌರವದ ವಿಶೇಷಣ ಸಲ್ಲುತ್ತದೆ. ಕಾಲಾಂತರದಲ್ಲಿ ಅದೇ ಶಬ್ದ ದೇವತೆಗಳ ಶತ್ರುವಿನ ಹೆಸರಾಯಿತು. ಪಾರಸಿಗಳ ಧರ್ಮಗ್ರಂಥವಾದ ಅವೆಸ್ತಾದಲ್ಲಿ ಇದು ತಿರುವುಮುರುವು: ಅಹುರ ಮಜ್ದಾ ಪರಮದೈವ, ‘ದಏವ’ರು ದುಷ್ಟಶಕ್ತಿಗಳು. ಮುಂಬೈಯಲ್ಲಿ ಒಂದೇ ಕಟ್ಟಡದ ಎರಡು ಮಹಡಿಗಳಲ್ಲಿ ಈ ಎರಡೂ ಲೆಕ್ಕಾಚಾರದವರು ಯಾವ ತಕರಾರೂ ಇಲ್ಲದೆ ಬಾಳುತ್ತಿದ್ದಾರೆ!

ಉತ್ತರ 2 (ಮಡಗಾಂವ್, ಗೋವಾ)

ನಾನು ಕಾರವಾರದವನು, ಕೆಲಸದ ನಿಮಿತ್ತ ಇಲ್ಲಿದ್ದೇನೆ. ಕಾರವಾರದಿಂದ ಗಡಿ ದಾಟಿದೊಡನೆ ಕಾಣಕೋಣ ತಾಲ್ಲೂಕಿನ ಲೋಲಿಯೆ ಸಿಗುತ್ತದೆ. ಅಲ್ಲಿ ಬೇತಾಳನ ಆಳೆತ್ತರ ಮೀರಿದ ಹಳೆಯ ಶಿಲಾಮೂರ್ತಿ ಬಯಲಿನಲ್ಲಿ ಬತ್ತಲೆಯಾಗಿ ನಿಂತಿದೆ. ಗೋವಾದ ಹಳೆಯ ಬೇತಾಳ ವಿಗ್ರಹಗಳಲ್ಲಿ ಎದ್ದುಕಾಣುವ ಪಕ್ಕೆಲುಬು, ರುಂಡಮಾಲೆ, ಮೈಮೇಲೆ ಹಾವು ಇವೆಲ್ಲ ಸಾಮಾನ್ಯ. ಮೊದಲ ಸಲ ಕಂಡವರು ಬೆಚ್ಚುವುದು ಸಹಜ. ಆದರೆ ಇಲ್ಲಿನ ಅನೇಕ ಊರುಗಳಲ್ಲಿ ಬೇತಾಳನೇ ಗ್ರಾಮದೇವತೆ. ಅವನು ರಾತ್ರಿಯಿಡೀ ಊರು ಸುತ್ತಿ ಕಾವಲು ಕಾಯುತ್ತಾನೆ, ನಡೆದು ನಡೆದು ಅವನ ಪಾದರಕ್ಷೆಗಳು ಸವೆಯುತ್ತವೆ ಎಂಬ ನಂಬಿಕೆಯಿಂದ ಹೊಸ ಚರ್ಮದ ಚಪ್ಪಲಿಗಳನ್ನು ಹರಕೆಯಾಗಿ ಒಪ್ಪಿಸುವ ಪದ್ಧತಿಯೂ ಇದೆ. ಈ ಚಪ್ಪಲಿಯ ಸಂಗತಿ ನನಗೆ ಬಹಳ ಪ್ರಿಯವಾದದ್ದು, ಏಕೆಂದರೆ ಭಕ್ತನು ಇಲ್ಲಿ ಭಯಂಕರ ಮೂರ್ತಿಯ ಕಾಲುನೋವನ್ನು ಯೋಚಿಸುತ್ತಿದ್ದಾನೆ.

ಕಾವಲಿಗೆ ನಿಲ್ಲುವವನು ಸೌಮ್ಯನಾಗಿದ್ದರೆ ಕೆಲಸ ನಡೆಯುವುದಿಲ್ಲವಷ್ಟೆ. ನಮ್ಮ ದೇವಾಲಯಗಳ ತೋರಣದ ನಡುವೆ ಕಣ್ಣು ಉಬ್ಬಿಸಿ ನೋಡುವ ಕೀರ್ತಿಮುಖವನ್ನು ನೆನೆಯಿರಿ. ಜಲಂಧರನ ದೂತನಾಗಿ ಬಂದ ರಾಹುವನ್ನು ನುಂಗಲು ಶಿವನಿಂದ ಹುಟ್ಟಿದ ಆ ಹಸಿದ ಜೀವಿ, ರಾಹುವಿಗೆ ಕ್ಷಮೆ ಸಿಕ್ಕ ಮೇಲೆ ಶಿವನ ಮಾತಿನಂತೆ ತನ್ನ ಮೈಯನ್ನೇ ತಿಂದು ಮುಖವಷ್ಟೇ ಉಳಿದಾಗ, ಶಿವನು ಮೆಚ್ಚಿ ಅದಕ್ಕೆ ಬಾಗಿಲ ಮೇಲಿನ ಜಾಗ ಕೊಟ್ಟನೆಂದು ಪುರಾಣ ಹೇಳುತ್ತದೆ. ರಾಮಾಯಣದ ಉತ್ತರಕಾಂಡವಂತೂ ‘ರಾಕ್ಷಸ’ ಎಂಬ ಹೆಸರನ್ನೇ ರಕ್ಷಣೆಗೆ ಜೋಡಿಸುತ್ತದೆ: ಬ್ರಹ್ಮನು ನೀರನ್ನು ಸೃಷ್ಟಿಸಿ ಅದರ ಕಾವಲಿಗೆ ಜೀವಿಗಳನ್ನು ಹುಟ್ಟಿಸಿದಾಗ ‘ರಕ್ಷಾಮಃ’, ಅಂದರೆ ಕಾಯುತ್ತೇವೆ, ಎಂದವರು ರಾಕ್ಷಸರಾದರಂತೆ.

ಹೆಸರು ಕೆಡುವ ಬಗೆಗೆ ಗೋವಾದ ಉದಾಹರಣೆ ‘ದೇವಚಾರ’. ಹಿಂದೂಗಳ ನಡುವೆ ಅವನು ಊರ ಗಡಿ ಕಾಯುವ ರಾಖಣದಾರ. ಕೈಯಲ್ಲಿ ದೊಣ್ಣೆ, ಹೆಗಲಲ್ಲಿ ಕಂಬಳಿ. ದಾರಿ ತಪ್ಪಿದವರನ್ನು ಮನೆ ಮುಟ್ಟಿಸುತ್ತಾನೆಂಬ ಕಥೆಗಳು ಹಳ್ಳಿಹಳ್ಳಿಯಲ್ಲಿವೆ. ಅವನಿಗೆ ದಪ್ಪ ರೊಟ್ಟಿ, ಬೀಡಿ, ಸಾರಾಯಿ ಸಲ್ಲುತ್ತವೆ. ಕ್ರೈಸ್ತರ ಕೊಂಕಣಿಯಲ್ಲಿ ಇದೇ ಶಬ್ದಕ್ಕೆ ಸೈತಾನ ಎಂದರ್ಥ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಇಲ್ಲಿನ ಗುಡಿಗಳನ್ನು ಕೆಡವಿ ಮತಾಂತರ ನಡೆಸಿದ ಚರಿತ್ರೆ ಈ ಒಂದು ಶಬ್ದದ ಎರಡು ಅರ್ಥಗಳಲ್ಲಿ ಕೂತಿದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸೋತವರ ದೇವರು ಎಂಬುದು ಬಹುಮಟ್ಟಿಗೆ ನಿಜ.

ಉತ್ತರ 3 (ಔಂಧ್, ಪುಣೆ)

ಮೇಲಿನ ಇಬ್ಬರ ಮಾಹಿತಿಯೂ ಮೌಲಿಕವಾದದ್ದೇ. ಆದರೆ ಕೊನೆಯ ತೀರ್ಮಾನವನ್ನು ನಾನು ಒಪ್ಪಲಾರೆ. ಆಯುರ್ವೇದ ಓದಿದವನಾದ್ದರಿಂದ ನನ್ನ ದಾರಿ ಬೇರೆ. ಸುಶ್ರುತ ಸಂಹಿತೆಯ ಉತ್ತರತಂತ್ರವು ಮಕ್ಕಳನ್ನು ಹಿಡಿಯುವ ಒಂಬತ್ತು ಬಾಲಗ್ರಹಗಳನ್ನು ಹೆಸರಿಸಿ, ಒಂದೊಂದಕ್ಕೂ ಜ್ವರ, ಭೇದಿ, ವಾಂತಿ, ಸೆಳೆತ ಮೊದಲಾದ ಲಕ್ಷಣಗಳನ್ನು ಕೊಡುತ್ತದೆ. ಆ ಪಟ್ಟಿಯಲ್ಲಿ ರೇವತಿ, ಶಕುನಿಯರ ಜೊತೆಗೆ ಪೂತನಿಯ ಹೆಸರಿದೆ. ಕೃಷ್ಣನಿಗೆ ವಿಷದ ಮೊಲೆಯುಣಿಸಲು ಬಂದ ಪೂತನಿ ಯಾವ ಜನಾಂಗದ ಸೋತ ದೇವತೆ? ತೊಟ್ಟಿಲಲ್ಲಿದ್ದ ಕೂಸು ಕಾರಣ ತಿಳಿಯದೆ ಎರಡೇ ದಿನಗಳಲ್ಲಿ ಇಲ್ಲವಾಗುತ್ತಿದ್ದ ಕಾಲದಲ್ಲಿ, ಆ ಸಾವಿಗೆ ತಾಯಂದಿರು ಕೊಟ್ಟ ಮುಖವೇ ಅವಳೆಂದು ನಾನು ತಿಳಿಯುತ್ತೇನೆ.

ಅಂಥ ಮುಖಕ್ಕೆ ಪೂಜೆಯೂ ಸಲ್ಲುತ್ತಿತ್ತು. ಮಹಾಭಾರತದ ಸಭಾಪರ್ವದಲ್ಲಿ ಎರಡು ಹೋಳಾಗಿ ಹುಟ್ಟಿದ ಜರಾಸಂಧನನ್ನು ಕೂಡಿಸಿದ ಜರೆ ಮಾಂಸ ತಿನ್ನುವ ರಾಕ್ಷಸಿ. ಆದರೂ ತಾನು ಗೃಹದೇವತೆಯೆಂದೂ ಮಕ್ಕಳೊಡನಿರುವ ತನ್ನ ಚಿತ್ರವನ್ನು ಗೋಡೆಯ ಮೇಲೆ ಬರೆದವರ ಮನೆ ಬೆಳೆಯುವುದೆಂದೂ ಹೇಳಿಕೊಳ್ಳುತ್ತಾಳೆ. ಮಕ್ಕಳನ್ನು ಕದ್ದು ತಿನ್ನುತ್ತಿದ್ದ ಹಾರೀತಿ ಎಂಬ ಯಕ್ಷಿಯ ಮಗುವೊಂದನ್ನು ಬುದ್ಧನು ಬಚ್ಚಿಟ್ಟು ಅವಳಿಗೆ ತಾಯಿಯ ಸಂಕಟವನ್ನು ತಿಳಿಸಿದ ಕಥೆ ಬೌದ್ಧರಲ್ಲಿದೆ; ಅಜಂತಾದ 2ನೆಯ ಗುಹೆಯಲ್ಲಿ ಪತಿ ಪಾಂಚಿಕನೊಡನೆ ಆಕೆ ಮಕ್ಕಳ ರಕ್ಷಕಿಯಾಗಿ ಕೂತಿದ್ದಾಳೆ.

ಇನ್ನು ಮರಾಠಿ ಮನೆಗಳ ಮುಂಜಾ, ಜಖೀಣ. ಮುಂಜಿಯಾಗಿ ಮದುವೆಯಾಗದೆ ಸತ್ತ ಹುಡುಗ ಅಶ್ವತ್ಥ ಮರದ ಮುಂಜಾ ಆಗುತ್ತಾನೆ. ಗಂಡನಿರುವಾಗಲೇ ತೀರಿಕೊಂಡ ಮುತ್ತೈದೆ ಜಖೀಣ. ಇಲ್ಲಿ ಜಯವೂ ಇಲ್ಲ, ಸೋಲೂ ಇಲ್ಲ. ಅರ್ಧಕ್ಕೆ ನಿಂತ ಬಾಳು ಮಾತ್ರ ಇದೆ. ಇಂಥ ನಂಬಿಕೆಗಳ ದೊಡ್ಡ ದಾಖಲೆಯೊಂದು ನಮಗೆ ಸಿಕ್ಕಿದ್ದು ಎ. ಎಂ. ಟಿ. ಜಾಕ್ಸನ್ ಎಂಬ ಅಧಿಕಾರಿ ಶಾಲಾ ಮಾಸ್ತರರಿಗೆ ಹಂಚಿದ ಪ್ರಶ್ನಾವಳಿಯಿಂದ. 1909ರಲ್ಲಿ ನಾಶಿಕದಲ್ಲಿ ಅವನ ಹತ್ಯೆಯಾದ ಮೇಲೆ ಆರ್. ಇ. ಎಂಥೋವನ್ ಆ ಟಿಪ್ಪಣಿಗಳನ್ನು ಸಂಪಾದಿಸಿದ. ಕೊಂಕಣದ ಸಂಪುಟ 1915ರಲ್ಲಿ ಬಂತು. ಭೂತಗಳನ್ನು ವರ್ಗವರ್ಗವಾಗಿ ಪಟ್ಟಿ ಮಾಡುವ ಚಾಳಿ ಹಳ್ಳಿಯವರದಲ್ಲ, ಪ್ರಶ್ನಾವಳಿಯದು ಎಂದು ನನ್ನ ಗುಮಾನಿ.

ಮ್ಹಸೋಬಾನ ವಿಷಯದಲ್ಲಿಯೂ ಅವಸರ ಬೇಡ. ಪುಣೆ ಜಿಲ್ಲೆಯ ವೀರ್ ಗ್ರಾಮದಲ್ಲಿ ಮಾಘ ಹುಣ್ಣಿಮೆಯಂದು ಮ್ಹಸ್ಕೋಬಾನಿಗೂ (ಮ್ಹಸೋಬಾನಿಗೆ ಅಲ್ಲಿನ ಹೆಸರು) ಜೋಗೇಶ್ವರಿಗೂ ಮದುವೆ ನಡೆಯುತ್ತದೆ. ಕೋಸಂಬಿಯವರ ಕಣ್ಣಿಗೆ ಅದು ಕೋಣದ ದೇವರನ್ನು ಕೊಲ್ಲುವ ಬದಲು ದೇವಿಗೆ ಗಂಟುಹಾಕಿದ ರಾಜಿಯಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿನ ಧನಗರರನ್ನು ಕೇಳಿದರೆ ಅವನು ಕಾಲಭೈರವ, ಸೋನಾರಿ ಎಂಬ ಊರಿನಿಂದ ಕುರಿಗಾಹಿ ಭಕ್ತನ ಬೆನ್ನುಹತ್ತಿ ಬಂದವನು. ಜರ್ಮನ್ ವಿದ್ವಾಂಸ ಗುಂಟರ್ ಸೋಂಥೈಮರ್ ಈ ಕುರಿಗಾಹಿಗಳ ದೇವರುಗಳ ಬೆನ್ನು ಹಿಡಿದೇ ಅಲೆದವರು. ಅವರು ಬರೆದ ಬಿರೋಬಾ ನಮ್ಮ ಹಾಲುಮತದವರ ಬೀರಪ್ಪನೇ. ಪೂಜಿಸುವವರು ತಮ್ಮ ದೇವರನ್ನು ಸೋತವನೆಂದು ಎಣಿಸದಿರುವಾಗ, ಆ ಸೋಲನ್ನು ನಾವು ಅವನ ಮೇಲೆ ಹೇರುವುದು ಇನ್ನೊಂದು ಬಗೆಯ ನಾಮಕರಣವಾಗಿಬಿಡುತ್ತದೆ.

ಉತ್ತರ 1ರವರ ಮರುನುಡಿ (ಚೆಂಬೂರು)

ಡಾಕ್ಟರರ ಆಕ್ಷೇಪ ಸರಿಯಾಗಿದೆ. ಒಂದು ಮಾತು ಸೇರಿಸುತ್ತೇನೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾವಣನಿಗೆ ರಾಜಬಣ್ಣ, ಶೂರ್ಪನಖಿಗೆ ಹೆಣ್ಣುಬಣ್ಣ ಎಂದು ರಾಕ್ಷಸರಿಗೂ ದರ್ಜೆಗಳಿವೆ. ಬಣ್ಣದ ವೇಷಧಾರಿಯು ಅಕ್ಕಿಹಿಟ್ಟಿನ ಚಿಟ್ಟಿಯನ್ನು, ಅಂದರೆ ಉಬ್ಬುಚುಕ್ಕಿಗಳನ್ನು, ಮುಖದ ಮೇಲೆ ಗಂಟೆಗಟ್ಟಲೆ ಕೂತು ಇಡುತ್ತಾನೆ. ಸೋತವನೆಂದು ಕೀಳಾಗಿ ಕಂಡಿದ್ದರೆ ಅವನಿಗಾಗಿ ಇಷ್ಟು ಹೊತ್ತು ಯಾರು ಖರ್ಚು ಮಾಡುತ್ತಿದ್ದರು?

ಪ್ರಶ್ನೆ ಕೇಳಿದವರು (ಕೋಥ್ರೂಡ್)

ಎಲ್ಲರಿಗೂ ಧನ್ಯವಾದಗಳು. ಜಖೀಣದ ಮಾತು ಓದಿ ನಮ್ಮಜ್ಜಿ ನೆನಪಾದಳು. ಅವಳು ಅಜ್ಜನಿಗೆ ಎರಡನೆಯ ಹೆಂಡತಿ. ಹೊಸ ಸೀರೆ ಬಂದರೆ ಮೊದಲು ದೇವರ ಮುಂದಿಟ್ಟು, ತೀರಿಹೋದ ಅಕ್ಕನ ಹೆಸರಿನಲ್ಲಿ ಕುಂಕುಮ ಹಚ್ಚಿ, ಆಮೇಲೆ ತಾನು ಉಡುತ್ತಿದ್ದಳು. ಅದನ್ನು ‘ಜಕಣಿಗೆ ಏರಿಸೂದು’ ಎನ್ನುತ್ತಿದ್ದಳು. ಆ ಜಕಣಿ ಈ ಜಖೀಣವೇ ಎಂಬುದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಮಗಳಿಗೆ ಎಲ್ಲವನ್ನೂ ಓದಿ ಹೇಳಿದೆ. ಅವಳ ಮನಸ್ಸಿನಲ್ಲಿ ನಿಂತದ್ದು ಚಪ್ಪಲಿ ಒಂದೇ. ನಮ್ಮ ಗುಡ್ಡದ ವೇತಾಳನಿಗೂ ಯಾರಾದರೂ ಚಪ್ಪಲಿ ತಂದಿಡುತ್ತಾರೆಯೇ, ಇಟ್ಟರೆ ಯಾವ ಅಳತೆಯವು ಎಂದು ಕೇಳುತ್ತಿದ್ದಾಳೆ. ಈ ಭಾನುವಾರ ಗುಡಿಯ ಬಳಿ ವಿಚಾರಿಸಿ ಬಂದು ಇಲ್ಲಿಯೇ ತಿಳಿಸುತ್ತೇನೆ.