ಅವ್ವನ ಕಾಲು ಜೋಮು: ಚಲೋ ಫಿಸಿಯೋ ಬೇಕಾಗ್ಯಾರ್ರೀ

ನಮಸ್ಕಾರ್ರೀ. ನಮ್ಮವ್ವಗ 62 ವರ್ಷ, ಶುಗರ್ ಬಂದು 14 ವರ್ಷ ಆತು. ಆರು ತಿಂಗಳಿಂದ ಅಂಗಾಲು ಜೋಮು, ರಾತ್ರಿ ಮೆಣಸಿನಪುಡಿ ಹಚ್ಚಿದಂಗ ಉರಿ. ಮೊನ್ನೆ ಒಂದು ಚಪ್ಪಲಿ ಅಂಗಳದಾಗ ಕಳಚಿದ್ರೂ ಗೊತ್ತಾಗದ ಅಡಗಿಮನಿ ತನಕ ಬಂದಿದ್ಲು. ಕೈಬೆರಳೂ ಹಂಗ, ರೊಟ್ಟಿ ಬಡಿಯೂಮುಂದ ಹಿಟ್ಟಿನ ಹದ ತಿಳಿಯಂಗಿಲ್ಲ ಅಂತಾಳ.

ವಿಟಮಿನ್ ಬಿ12 ಟೆಸ್ಟ್ ಆಗೇತಿ, ಗುಳಿಗಿ ನಡದಾವು. ಡಾಕ್ಟರ್ ಬ್ಯಾಲೆನ್ಸ್ ವ್ಯಾಯಾಮ ಕಲೀರಿ ಅಂದಾರ. ಒಂದ್ ಕಡೆ ಹೋದ್ರ ಬರೇ ಕರೆಂಟ್ ಮಷಿನ್ ಹಚ್ಚಿ ಕಳಿಸಿದ್ರು, ಪಾದ ಮುಟ್ಟಿ ಸುದ್ದಾ ನೋಡಲಿಲ್ಲ. ಬಿಸಿನೀರಾಗ ಕಾಲಿಡ್ರಿ ಅಂತ ಮಾತ್ರ ಹೇಳಬ್ಯಾಡ್ರಿ. ಜೋಮು ಹಿಡದ ಕಾಲು ಸುಟ್ರೂ ತಿಳಿಯಂಗಿಲ್ಲ.

ನಾವಿರೋದು ಹುಬ್ಬಳ್ಳಿ ನವನಗರ. ಹುಬ್ಬಳ್ಳಿ-ಧಾರವಾಡ ಓಡೋ ಚಿಗರಿ ಬಸ್ಸಿನ ದಾರಿಯೊಳಗ, ವಿದ್ಯಾನಗರದಿಂದ ಸತ್ತೂರ ತನಕ, ನಡಿಗಿ ಕಲಸೋ ಫಿಸಿಯೋ ಇದ್ರ ಹೇಳ್ರಿ. ಹೆಣ್ಮಕ್ಕಳಾದ್ರ ಇನ್ನೂ ಚಲೋ, ಅವ್ವಗ ಭಾಳ ಸಂಕೋಚ.