ಸಹಾಯ ಬೇಕು: ಕಲಹಾರಿಗೆ ಯಾವ ಕಡೆಯಿಂದ, ಯಾವ ತಿಂಗಳು?

ಆಫ್ರಿಕಾದ ದಕ್ಷಿಣ ಭಾಗದ ಕಲಹಾರಿ ಮರುಭೂಮಿಯ ಕೆಂಪು ಮರಳುದಿಬ್ಬ, ಕಪ್ಪು ಕೇಸರದ ಸಿಂಹ, ಮರದ ಮೇಲೆ ಹುಲ್ಲಿನ ಬಣವೆ ಒಟ್ಟಿದ ಹಾಗೆ ಕಾಣುವ ನೇಕಾರ ಹಕ್ಕಿಗಳ ಗೂಡು, ಎಲ್ಲವನ್ನೂ ಕಣ್ಣಾರೆ ನೋಡಬೇಕು ಅಂತ ಬಹಳ ಆಸೆ. ಆದರೆ ತಿಂಗಳು ಗೊತ್ತುಮಾಡಲು ಆಗುತ್ತಿಲ್ಲ. ದಕ್ಷಿಣದಲ್ಲಿ, ದಕ್ಷಿಣ ಆಫ್ರಿಕಾ-ಬೋಟ್ಸ್ವಾನಾ ಗಡಿಯಲ್ಲಿರುವ ಕಗಲಗಾಡಿ ಪಾರ್ಕಿನಲ್ಲಿ ಮೇನಿಂದ ಅಕ್ಟೋಬರ್ ತನಕ ಒಣಗಾಲ, ನೊಸೊಬ್ ನದಿಯ ಬತ್ತಿದ ಪಾತ್ರದಲ್ಲಿರುವ ನೀರಿನ ಗುಂಡಿಗಳಿಗೆ ಪ್ರಾಣಿಗಳು ಬರುತ್ತವೆ. ಬೋಟ್ಸ್ವಾನಾದ ಮಧ್ಯ ಕಲಹಾರಿ ಅಭಯಾರಣ್ಯದಲ್ಲಿ ಇದಕ್ಕೆ ಉಲ್ಟಾ, ಮಳೆ ಬಿದ್ದು ಡಿಸೆಪ್ಷನ್ ಕಣಿವೆ ಹಸಿರಾದಾಗಲೇ ಪ್ರಾಣಿಗಳು ಜಾಸ್ತಿ, ದಾರಿ ಮಾತ್ರ ಕೆಸರು. ಟೂರ್ ಏಜೆಂಟರನ್ನು ಕೇಳಿದರೆ ಎಲ್ಲರೂ ತಮ್ಮ ಪ್ಯಾಕೇಜೇ ಒಳ್ಳೆಯದು ಅನ್ನುತ್ತಾರೆ.

ನನಗೆ ಮುಖ್ಯವಾದದ್ದು ಕಲಹಾರಿಯ ಮೂಲನಿವಾಸಿಗಳಾದ ಸಾನ್ ಜನರ ಜೊತೆ ನಡೆಯುವುದು, ಅವರು ಹೆಜ್ಜೆಗುರುತು ಓದುವುದನ್ನು ಪಕ್ಕದಲ್ಲೇ ನಿಂತು ನೋಡುವುದು. ಸುಮ್ನೆ ಕುಣಿದು ತೋರಿಸುವ ಕಾರ್ಯಕ್ರಮ ಬೇಡ, ದುಡ್ಡು ಅವರ ಕೈಗೇ ಸೇರಬೇಕು. ಹೋಗಿಬಂದವರು ಹೇಳಿ, ಒಂದೇ ಕಡೆ ಹೋಗುವುದಾದರೆ ಕಗಲಗಾಡಿಯೋ ಮಧ್ಯ ಕಲಹಾರಿಯೋ, ಮತ್ತು ಯಾವ ತಿಂಗಳು?